ತನ್ನ ಹೊಗೆ ತಾನುಂಡ ಲಾರಿ

ನಮ್ಮ ಊರಿನಲ್ಲಿ ಹೊಗೆ ಸಂಜೆಗೆ ಮನೆಗೆ ಬರುತ್ತದೆ. ಬೆಳಿಗ್ಗೆ ಒಲೆ ಹಚ್ಚಿದವರು ಯಾರೋ, ದೀಪ ಹಚ್ಚುವ ಹೊತ್ತಿಗೆ ಆ ಹೊಗೆ ಅವರ ಹಿತ್ತಿಲಲ್ಲಿ ಬಂದು ನಿಂತಿರುತ್ತದೆ, ಮೇಯಲು ಹೋದ ದನ ಕೊಟ್ಟಿಗೆ ಹುಡುಕಿಕೊಂಡು ಬಂದ ಹಾಗೆ. ಅದಕ್ಕೆಂದೇ ಪ್ರತಿ ಮನೆಗೂ ಸೂರಿನ ಕೆಳಗೆ ಒಂದು ಹೊಗೆಗಿಂಡಿ, ಅದಕ್ಕೊಂದು ಪುಟ್ಟ ಬಾಗಿಲು ಇರುತ್ತದೆ. ಒಳಗೆ ಬಂದ ಹೊಗೆ ಅಟ್ಟದ ಮೇಲೆ ಮಲಗಿ, ಬೆಳಗಾಗುವಷ್ಟರಲ್ಲಿ ಮಸಿಯಾಗಿ ಉದುರುತ್ತದೆ. ಗುಡಿಸಿ ತಿಪ್ಪೆಗೆ ಹಾಕಿದರೆ ಮುಗಿಯಿತು. ನಾವು ಯಾರೂ ಇದನ್ನು ದೊಡ್ಡ ವಿಷಯ ಅಂದುಕೊಂಡವರಲ್ಲ. ಕದ್ದು ಬೀಡಿ ಸೇದುವವರಿಗೆ ಮಾತ್ರ ಸ್ವಲ್ಪ ಕಷ್ಟ. ಸ್ಕೂಲಿನ ಹೆಡ್‌ಮೇಷ್ಟ್ರು ಬೀಡಿ ಬಿಟ್ಟಿದ್ದೇನೆಂದು ಹೆಂಡತಿಯ ಮುಂದೆ ಆಣೆ ಮಾಡುತ್ತಿದ್ದಾಗಲೇ ಕೆರೆ ಏರಿಯ ಮೇಲೆ ಬಿಟ್ಟುಬಂದಿದ್ದ ಹೊಗೆ ಬಾಗಿಲು ದಾಟಿ ಬಂದು ಅವರ ಹೆಗಲ ಮೇಲೆ ಕೂತಿತಂತೆ.

ಬೆಂಕಿ ಹಚ್ಚಿದವನಿಗೆ ಯಾವ ನಿಯಮವೋ ಲಾರಿಯ ಕೀಲಿ ತಿರುಗಿಸಿದವನಿಗೂ ಅದೇ ನಿಯಮ. ಬೆಟ್ಟದ ಆಚೆ ಬಿಟ್ಟ ಹೊಗೆಯೂ ತಡವಾಗಿಯಾದರೂ ಬಂದೇ ಬರುತ್ತದೆ. ಹಾಗಾಗಿ ನಮ್ಮ ಊರಲ್ಲಿ ಲಾರಿಯವನಿಗೆ ಹೆಣ್ಣು ಕೊಡುವವರು ಕಡಿಮೆ. ನನಗೂ ಯಾರೂ ಕೊಟ್ಟಿರಲಿಲ್ಲ. ನಾನು ಓಬಳೇಶ. ಅಕ್ಕನ ಮನೆಯಲ್ಲಿ ಇದ್ದೆ, ಹಾಗಾಗಿ ನನ್ನ ಲಾರಿಯ ಹೊಗೆಯೂ ಅಕ್ಕನ ಮನೆಗೇ ಬರುತ್ತಿತ್ತು.

ಅಕ್ಕನ ಹೆಸರು ಮಾರಕ್ಕ. ಅಪ್ಪ ಅಮ್ಮ ಹೋದಾಗ ನಾನು ಇನ್ನೂ ಚಡ್ಡಿ ಜಾರಿಸಿಕೊಂಡು ಓಡಾಡುವ ಹುಡುಗ, ಅವಳು ಮದುವೆ ವಯಸ್ಸಿಗೆ ಬಂದ ಹುಡುಗಿ. ಬಸ್‌ಸ್ಟ್ಯಾಂಡಿನ ಪಕ್ಕ ಮುದ್ದೆ ಊಟದ ಹೋಟೆಲ್ ಇಟ್ಟಳು. ನೋಡಲು ಬಂದವರಿಗೆಲ್ಲ, "ಇವ್ನು ಒಂಚೂರು ದೊಡ್ಡೋನಾಗ್ಲಿ" ಅನ್ನುತ್ತಿದ್ದಳು. ನಾನು ದೊಡ್ಡವನಾದೆ, ಮೀಸೆ ಬಂತು, ಲಾರಿ ಬಂತು. ಅಷ್ಟರಲ್ಲಿ ನೋಡಲು ಬರುವವರು ನಿಂತುಹೋಗಿದ್ದರು. ಅಕ್ಕನ ತಲೆಯಲ್ಲಿ ನರೆ ಬಂದಿತ್ತು. ಈ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸೌದೆ ಒಲೆಯ ಹೊಗೆ ಅವಳಿಗೆ ಅಭ್ಯಾಸವಾಗಿತ್ತು. ಆಗದೆ ಇದ್ದದ್ದು ನನ್ನ ಹಳೇ ಲಾರಿಯ ಹೊಗೆ. ಅದರಲ್ಲಿ ಮೆಣಸಿನಕಾಯಿ ಹುರಿದಂಥ ಒಂದು ಘಾಟಿತ್ತು. ಸಂಜೆ ಅದು ಕಿಂಡಿಯಲ್ಲಿ ತಲೆ ಹಾಕಿತೆಂದರೆ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ವರ್ಷ ಕಳೆದಂತೆ ಕೆಮ್ಮು ಶುರುವಾಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಗಾಡಿ ಬದಲಾಯಿಸಪ್ಪ, ಇಲ್ಲ ಮನೆ ಬದಲಾಯಿಸು" ಅಂದರು. ನಾನು ಗಾಡಿ ಬದಲಾಯಿಸಿದೆ.

ಹೊಸ ಲಾರಿ ಕೊಳ್ಳಲು ಪೇಟೆಗೆ ಹೋದಾಗ ಶೋರೂಮಿನವನು ಬಾನೆಟ್ ಎತ್ತಿ ಒಂದು ಕೊಳವೆ ತೋರಿಸಿದ. "ಇದಕ್ಕೆ ಇಜಿಆರ್ ಅಂತಾರೆ. ಸೈಲೆನ್ಸರಿಗೆ ಹೋಗೋ ಹೊಗೇಲಿ ಒಂದಿಷ್ಟನ್ನ ಇಲ್ಲಿ ಹಿಡಿದು, ತಣ್ಣಗೆ ಮಾಡಿ, ವಾಪಸ್ ಇಂಜಿನ್ನಿಗೇ ಕೊಡುತ್ತೆ. ಹೊಗೆ ಸೇರಿದ್ರೆ ಒಳಗಿನ ಉರಿ ಮೆತ್ತಗಾಗುತ್ತೆ, ಘಾಟು ಹುಟ್ಟೋದೇ ಕಮ್ಮಿ" ಅಂದ. ಬೇರೆ ಊರಿನ ಗಿರಾಕಿಗಳು ಇದನ್ನು ಕೇಳಿ ಮುಖ ಹಿಂಡುತ್ತಾರಂತೆ, ಬಿಟ್ಟ ಹೊಗೆಯನ್ನು ತಾನೇ ತಿನ್ನುವ ಇಂಜಿನ್ ಎಂಥದ್ದು ಅಂತ. ನಾನು ಮಾತ್ರ, "ಅದ್ರಲ್ಲೇನೈತೆ ಸಾರ್, ನಮ್ಮೂರಲ್ಲಿ ಎಲ್ರೂ ಹಂಗೇ ಅಲ್ವಾ" ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಹೊಸ ಲಾರಿ ಓಡಿಸಿದ ಮೊದಲ ದಿನ ಸಂಜೆ ಅಕ್ಕ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಕಿಂಡಿಯ ಕೆಳಗೆ ನಿಂತಿದ್ದಳು. ಹೊಗೆ ಬಂತು. ತೆಳ್ಳಗಿತ್ತು. ಸದ್ದಿಲ್ಲದೆ ಅಟ್ಟ ಹತ್ತಿ ಮಲಗಿತು. ಅಕ್ಕ ಸೆರಗನ್ನು ನಿಧಾನವಾಗಿ ತೆಗೆದು, ಒಂದು ಸಲ ಉಸಿರೆಳೆದುಕೊಂಡು ನೋಡಿ, "ಇದೇನೋ, ಹೊಸ ಬೀಗರು ಬಂದಂಗೆ ಇಷ್ಟು ಮರ್ಯಾದೆಯಿಂದ ಬಂತು" ಅಂದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವಳ ಕೆಮ್ಮು ನಿಂತಿತು. ಹೋಟೆಲಿನಲ್ಲಿ ಮುದ್ದೆ ತಿರುವುತ್ತ ಪದ ಹೇಳಿಕೊಳ್ಳುವುದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ.

ತೊಂದರೆ ಶುರುವಾಗಿದ್ದು ಮಾರನೆಯ ವರ್ಷದ ಈರುಳ್ಳಿ ಕಾಲಕ್ಕೆ. ನಮ್ಮ ಕಡೆಯ ಈರುಳ್ಳಿಯೆಲ್ಲ ಬೆಟ್ಟ ಹತ್ತಿ ಆಚೆಯ ಮಾರ್ಕೆಟ್ಟಿಗೆ ಹೋಗಬೇಕು. ಬೆಟ್ಟದ ರಸ್ತೆಯ ಕೊನೆಯಲ್ಲಿ ಒಂದು ಕಡಿದಾದ ತಿರುವಿದೆ. ಅತ್ತೆ ತಿರುವು ಅಂತ ಅದರ ಹೆಸರು, ಯಾರು ಎಷ್ಟು ನಯವಾಗಿ ಹೋದರೂ ಒಂದು ಮಾತು ಅನ್ನದೆ ಕಳಿಸುವುದಿಲ್ಲ ಅಂತ. ಹೊಸದರಲ್ಲಿ ನನ್ನ ಲಾರಿ ಅದನ್ನು ಹಾಡಿಕೊಂಡು ಏರುತ್ತಿತ್ತು. ಆಮೇಲಾಮೇಲೆ ಪಿಕಪ್ ಇಳಿಯುತ್ತ ಬಂತು. ಆಕ್ಸಿಲೇಟರ್ ಒತ್ತಿದರೆ ಹೂಂಕರಿಸುತ್ತಿತ್ತೇ ಹೊರತು ಎಳೆಯುತ್ತಿರಲಿಲ್ಲ. ಡೀಸೆಲ್ ಜಾಸ್ತಿ ಕುಡಿಯತೊಡಗಿತು. ಹಿಂದಿನಿಂದ ಕಪ್ಪು ಹೊಗೆ. ಒಂದು ದಿನ ಅತ್ತೆ ತಿರುವಿನಲ್ಲಿ, ಮೊದಲನೇ ಗೇರಿನಲ್ಲೂ ಏದುಸಿರು ಬಿಟ್ಟು, ನಿಂತೇಬಿಟ್ಟಿತು. ಹಿಂದೆ ಬರುತ್ತಿದ್ದವರು ಇಳಿದು ಬಂದು ಗಾಲಿಗೆ ಕಲ್ಲು ಕೊಟ್ಟರು. ಅರ್ಧ ಲೋಡನ್ನು ಬೇರೆ ಗಾಡಿಗೆ ಹಾಕಿ, ಉಳಿದರ್ಧವನ್ನು ಹೇಗೋ ಹತ್ತಿಸಿದೆ.

ಆ ಸಂಜೆ ಆ ಹೊಗೆಯೆಲ್ಲ ಬೆಟ್ಟದಿಂದ ಎಮ್ಮೆಯ ಹಿಂಡಿನಂತೆ ಇಳಿದು ಬಂದದ್ದನ್ನು ಊರೆಲ್ಲ ನೋಡಿತು. ಒಣಹಾಕಿದ ಬಟ್ಟೆ ಒಳಗೆ ಎಳೆದುಕೊಂಡವರೆಷ್ಟೋ ಮಂದಿ. ನಮ್ಮ ಕಿಂಡಿಯಲ್ಲಿ ಅದು ಹಿಡಿಸಲಿಲ್ಲ, ಬಾಗಿಲಿನಿಂದಲೂ ಬಂತು. ಬೆಳಿಗ್ಗೆ ಅಕ್ಕ ಮಸಿಯನ್ನು ಮಂಕರಿಯಲ್ಲಿ ತುಂಬಿ ಹೊತ್ತಳು. ಘಾಟೇನೋ ಇರಲಿಲ್ಲ, ಮಸಿ ಮಾತ್ರ ವಿಪರೀತ. ಅಕ್ಕ ಗಂಟಲು ಸರಿಮಾಡಿಕೊಂಡಳು. ಆ ಸಣ್ಣ ಸದ್ದಿಗೆ ನನಗೆ ಅವಳ ಹಳೇ ಕೆಮ್ಮು ನೆನಪಾಯಿತು.

ರುದ್ರಮುನಿ ಅಂತ ಇನ್ನೊಬ್ಬ ಲಾರಿಯವನಿದ್ದಾನೆ. ನನ್ನ ಜೊತೆಗಾರ, ಒಳ್ಳೆಯವನೇ. ಅವನು ಹೋಟೆಲಿನಲ್ಲಿ ಎದುರು ಕೂತು, "ಲೇ ಓಬ್ಳೇಶ, ನಿನ್ ಗಾಡಿ ಹೊಗೆ ತಿನ್ನೋ ಬಾಯಿಗೆ ಒಂದು ದಪ್ಪ ತಗಡು ಹೊಡೆದುಬಿಡು. ಎಲ್ಲಾ ಕಡೆ ಹಂಗೇ ಮಾಡ್ತಾರೆ. ನಂದು ನೋಡು, ತಗಡು ಹಾಕಿದ್ಮೇಲೆ ಕುದುರೆ ಆಗೈತೆ" ಅಂದ.

ಅದು ನಿಜವೇ. ಅವನ ಲಾರಿ ಎಳೆಯುತ್ತಿತ್ತು, ಕಪ್ಪು ಹೊಗೆಯೂ ಕಡಿಮೆ. ಆದರೆ ಉರಿ ಜಾಸ್ತಿಯಾಗಿ ಘಾಟು ಎದ್ದಿತ್ತು. ಅವನ ಹೆಂಡತಿ ಸಾಕಮ್ಮ ಕಿಂಡಿಗೆ ಗೋಣಿಚೀಲ ತುರುಕಿ, ಬಾಗಿಲಿಗೆ ಚಿಲಕ ಹಾಕಿ, "ನೀನೂ ನಿನ್ನ ಹೊಗೆಯೂ ಜಗಲಿ ಮೇಲೇ ಮಲಗಿ" ಅಂದುಬಿಟ್ಟಿದ್ದಳು. ಅವರಿಬ್ಬರೂ ಹಾಗೇ ಮಲಗುತ್ತಿದ್ದರು, ರುದ್ರಮುನಿ ಮತ್ತು ಅವನ ಹೊಗೆ, ಒಂದೇ ಕಂಬಳಿಯಲ್ಲಿ.

ಈರುಳ್ಳಿ ಮಂಡಿಯ ಗುರುಶಾಂತಪ್ಪನವರಿಗೂ ವಿಷಯ ಮುಟ್ಟಿತ್ತು. ಅವರು ಕೆಟ್ಟ ಮಾತಾಡುವವರಲ್ಲ. "ಸೋಮವಾರದ ಲೋಡು ನೀನು ಪೂರ್ತಿ ಏರಿಸಿದ್ರೆ ಸರಿ. ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೊತೀನಿ ಕಣಪ್ಪ. ಮನುಷ್ಯ ಕಾಯ್ತಾನೆ, ಈರುಳ್ಳಿ ಕಾಯಲ್ಲ, ಮೊಳಕೆ ಬಂದುಬಿಡುತ್ತೆ" ಅಂದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ತಗಡು ಹಾಕಿಸ್ಕೋ. ನಂದೇನು, ಸೆರಗು ಮುಚ್ಕೊಂಡ್ರಾಯ್ತು" ಅಂದಳು. ಇವನು ಒಂಚೂರು ದೊಡ್ಡವನಾಗಲಿ ಅಂದ ದನಿಯೇ ಅದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. "ಹಾಕ್ಸಲ್ಲ" ಅಂದು ಎದ್ದು ಹೋಗಿ ಲಾರಿಯನ್ನು ಚಿತ್ತಯ್ಯನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ಚಿತ್ತಯ್ಯ ಬೆಟ್ಟದ ಮೇಲಿನ ಊರಿನವರು. ಹೆಂಡತಿ ತೀರಿಕೊಂಡು, ಮಗಳ ಮದುವೆ ಮಾಡಿಕೊಟ್ಟ ಮೇಲೆ, ಇಲ್ಲಿ ಲಾರಿ ನಿಲ್ಲುವ ಜಾಗ ನೋಡಿ ಊರ ಅಂಚಿನಲ್ಲಿ ಶೆಡ್ ಹಾಕಿದ್ದರು. ಬೇಸಿಗೆಯಲ್ಲೂ ಉಣ್ಣೆಯ ಟೋಪಿ. ಬಿಗಿಯಾದ ಬೋಲ್ಟಿನ ಜೊತೆ ಮಾತಾಡುವ ಅಭ್ಯಾಸ, "ಬಾರಪ್ಪ, ಬಾ, ಯಾರೂ ಹೊಡೆಯಲ್ಲ" ಅಂತ. ಮಧ್ಯಾಹ್ನದ ಊಟ ನಮ್ಮ ಹೋಟೆಲಿನಲ್ಲೇ. ಉಂಡು ಕೈತೊಳೆದು ದಿನವೂ ಒಂದೇ ಮಾತು: "ಸಾರು ಚೆನ್ನಾಗಿತ್ತು." ಅಕ್ಕ ಒಮ್ಮೆ, "ದಿನಾ ಅದನ್ನೇ ಅಂದ್ರೆ ಸಾರಿಗೂ ಬೇಜಾರಾಗ್ತೈತೆ" ಅಂದಿದ್ದಳು. ಅವರು ಗಾಬರಿಯಾಗಿ ಮಾರನೆಯ ದಿನ, "ಮುದ್ದೆ ಚೆನ್ನಾಗಿತ್ತು" ಅಂದರು.

ಅವರು ಹೊರಗಿನವರಾದ್ದರಿಂದ ಅವರ ಹೊಗೆ ವಾಪಸ್ ಬರುತ್ತಿರಲಿಲ್ಲ. ರಾತ್ರಿಯ ಅನ್ನಕ್ಕೆ ಅವರು ಹಚ್ಚಿದ ಒಲೆಯ ಹೊಗೆ ಶೆಡ್ಡಿನ ತಗಡು ದಾಟಿ ಎತ್ತಲೋ ಹೋಗಿಬಿಡುತ್ತಿತ್ತು. ಎಲ್ಲರ ಮನೆಗೂ ಹೊಗೆ ಬಂದು ಸೇರುವ ಹೊತ್ತಿನಲ್ಲಿ ಆ ಶೆಡ್ ಮಾತ್ರ ಖಾಲಿ ಇರುವುದನ್ನು ನೋಡಿ ನಮ್ಮ ಊರಿನ ಹೆಂಗಸರು, "ಪಾಪ, ಸಂಜೆಗೆ ಹೊಗೆಯೂ ಬರಲ್ವಲ್ಲ ಆಯಪ್ಪಂಗೆ" ಅನ್ನುತ್ತಿದ್ದರು.

ಚಿತ್ತಯ್ಯ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಏರಿನ ಬುಡದವರೆಗೆ ಹೋಗಿ ನೋಡಿದೆವು, ಅದೇ ಹೂಂಕಾರ. ಆಮೇಲೆ ಟರ್ಬೋದ ಪೈಪು ಸಡಿಲವಾಗಿದೆ ಅಂತ ಕ್ಲಿಪ್ ಬಿಗಿದರು. ಒಂಚೂರು ವಾಸಿಯಾಯಿತು, ಒಂಚೂರು ಮಾತ್ರ. ಶನಿವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. "ಎರಡು ಸಲ ತಪ್ಪಿದ್ನಲ್ಲ ಓಬ್ಳೇಶ. ನಿನ್ ದುಡ್ಡೂ ದಂಡ, ನಿನ್ ಟೈಮೂ ದಂಡ" ಅಂದರು.

ಅಕ್ಕ ಮುದ್ದೆ ಬಡಿಸುತ್ತ, "ಅಲ್ಲಾ, ಆ ಹೊಗೆ ತಿನ್ನೋದು ಯಾಕೆ ಅಂತ ನಂಗೊಂದು ಸಲ ಹೇಳಿ. ಮನೆ ಮಸಿ ಗುಡಿಸೋಳು ನಾನು, ನಂಗೂ ಗೊತ್ತಾಗ್ಲಿ" ಅಂದಳು.

"ಇಂಜಿನ್ ಒಳಗೆ ಉರಿ ಜೋರಾದಷ್ಟೂ ಘಾಟು ಜಾಸ್ತಿ ಕಣಮ್ಮ" ಅಂದರು ಚಿತ್ತಯ್ಯ. "ಉರಿದು ಬಂದ ಹೊಗೆ ಮತ್ತೆ ಉರಿಯಲ್ಲ. ಅದನ್ನ ಗಾಳಿ ಜೊತೆ ಬೆರೆಸಿ ಒಳಗೆ ಬಿಟ್ರೆ ಉರಿ ತಗ್ಗುತ್ತೆ."

"ಹಾಲಿಟ್ಟಾಗ ಕೆಂಡದ ಮೇಲೆ ಬೂದಿ ಮುಚ್ತೀವಲ್ಲ, ಹಂಗೆ" ಅಂದಳು ಅಕ್ಕ.

ಚಿತ್ತಯ್ಯ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. "ಹಂಗೇ" ಅಂದರು.

"ಮತ್ತೆ ರೊಟ್ಟಿ ಸುಡೋವಾಗ ಯಾರಾದ್ರೂ ಬೂದಿ ಮುಚ್ತಾರಾ? ಆಗ ಕೆದಕಿ ಸರಿಸ್ಬೇಕು. ಬೆಟ್ಟ ಹತ್ತೋದು ಅಂದ್ರೆ ರೊಟ್ಟಿ ಸುಟ್ಟಂಗಲ್ವಾ? ನಿಮ್ ಇಂಜಿನ್ನು ಆಗ ಬೂದಿ ಸರಿಸಲ್ವಾ?"

"ಸರಿಸುತ್ತಮ್ಮ. ಏರಲ್ಲಿ ಪೂರ್ತಿ ಒತ್ತಿದಾಗ ಆ ವಾಲ್ವು ತಾನೇ ಬಾಯಿ ಮುಚ್ಕೊಳ್ಳುತ್ತೆ, ಹೊಗೆ ತಿನ್ನಲ್ಲ. ಬರೀ ಗಾಳಿ. ಅದು ಹಂಗೇ ಇರೋದು, ಅದು ಮುಚ್ಕೊಳ್ಳ..." ಚಿತ್ತಯ್ಯ ಅಲ್ಲಿಗೆ ನಿಂತರು. ತುತ್ತನ್ನು ತಟ್ಟೆಗೆ ಇಟ್ಟರು. ಎದ್ದರು. ಕೈ ಕೂಡ ತೊಳೆಯದೆ ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.

ಅಕ್ಕ ತಟ್ಟೆ ನೋಡಿ, "ಮುದ್ದೆ ಬಿಟ್ಟು ಎದ್ದೋದ್ರಲ್ಲೋ. ನನ್ ಹೋಟ್ಲಲ್ಲಿ ಇವತ್ತಿನವರೆಗೂ ಯಾರೂ ಮುದ್ದೆ ಬಿಟ್ಟಿಲ್ಲ" ಅಂದಳು. ಅವಳಿಗೆ ನಿಜವಾಗಿಯೂ ಬೇಸರವಾಗಿತ್ತು. ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಸೆರಗಿನಲ್ಲಿ ಹಿಡಿದುಕೊಂಡು ನನ್ನ ಹಿಂದೆಯೇ ಗ್ಯಾರೇಜಿಗೆ ಬಂದಳು.

ನಾವು ಹೋಗುವಷ್ಟರಲ್ಲಿ ಚಿತ್ತಯ್ಯ ಒಂದು ಕೊಳವೆ ಬಿಚ್ಚಿ ವಾಲ್ವನ್ನು ಹೊರಗೆ ತೆಗೆದಿದ್ದರು. ಅಂಗೈ ಮೇಲಿಟ್ಟು ತೋರಿಸಿದರು. ಮಸಿಗೆ ಎಣ್ಣೆ ಕಲಸಿ ಒಣಗಿಸಿದಂತೆ ಕರ್ರಗೆ ಗಟ್ಟಿಯಾಗಿ ಮೆತ್ತಿಕೊಂಡು, ವಾಲ್ವು ಅರ್ಧ ತೆರೆದ ಹಾಗೆಯೇ ಕಚ್ಚಿಕೊಂಡು ಕೂತಿತ್ತು. ಗಾಳಿ ಹೋಗುವ ದಾರಿಯೂ ಕಟ್ಟಿಕೊಂಡು, ಮುಷ್ಟಿ ತೂರಬೇಕಾದಲ್ಲಿ ಎರಡು ಬೆರಳು ತೂರುತ್ತಿತ್ತು.

"ಬಾಯಿ ಮುಚ್ಚೋಕೆ ಆಗ್ತಿಲ್ಲ ಇದಕ್ಕೆ" ಅಂದರು. "ಏರಲ್ಲೂ ಹೊಗೆ ತಿಂತಾನೇ ಐತೆ. ಹೊಗೆ ತುಂಬಿದ್ರೆ ಗಾಳಿಗೆಲ್ಲಿ ಜಾಗ? ಗಾಳಿ ಸಾಲ್ದೆ ಡೀಸೆಲ್ ಅರೆಬೆಂದು ಮಸಿ ಆಗ್ತೈತೆ. ಆ ಮಸೀನ ಮತ್ತೆ ತಿಂತೈತೆ. ತಿಂದಷ್ಟೂ ಕಟ್ಟುತ್ತೆ, ಕಟ್ಟಿದಷ್ಟೂ ತಿನ್ನುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಮಂಡಿ ಮುಂದೆ ಲೋಡ್ ಆಗೋವರೆಗೂ ಇಂಜಿನ್ ಆಫ್ ಮಾಡ್ದೆ ನಿಲ್ಲಿಸ್ಕೊಂಡಿರ್ತೀಯಲ್ಲ, ಅದೂ ಒಂದು ಕಾರಣ. ನಿಂತಲ್ಲೇ ಸುಮ್ನೆ ಓಡೋ ಇಂಜಿನ್ನು ಸರಿಯಾಗಿ ಬಿಸಿ ಆಗಲ್ಲ, ಬಿಸಿ ಆಗದೆ ಇದ್ರೆ ಮಸಿ ಅಂಟುತ್ತೆ. ತಗಡು ಹೊಡ್ದಿದ್ರೆ ಎಳೆತ ಬರ್ತಿತ್ತು, ಇಲ್ಲಾ ಅನ್ನಲ್ಲ. ಆದ್ರೆ ಅದು ಬಾಯಿ ಹೊಲಿದಂಗೆ. ಇದಕ್ಕೆ ಬೇಕಾಗಿರೋದು ಬಾಯಿ ತೊಳೆಯೋದು" ಅಂದರು.

ಬ್ರಷ್ಷು, ಡೀಸೆಲ್ಲು, ಪೇಟೆಯಿಂದ ತಂದಿದ್ದ ಯಾವುದೋ ಸ್ಪ್ರೇ ಇಟ್ಟುಕೊಂಡು ಅವರು ತೊಳೆಯಲು ಕೂತರು. ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಟ್ಟೆಯನ್ನು ಅವರ ಮುಂದಿಟ್ಟು, "ಮೊದ್ಲು ಇದನ್ನ ಮುಗಿಸಿ. ಮಸಿ ಉಜ್ಜೋದು ನಿಮಗೇನು ಗೊತ್ತು, ಕೊಡಿ ಇಲ್ಲಿ" ಅಂದಳು. ಹೋಟೆಲಿನಿಂದ ತೆಂಗಿನ ನಾರು ತರಿಸಿದಳು. ಪಾತ್ರೆಯ ತಳ ಉಜ್ಜಿ ಉಜ್ಜಿ ಪಳಗಿದ ಕೈ ಅದು. ಒಂದು ಹಲಗೆಯ ಆ ತುದಿಗೆ ಅಕ್ಕ, ಈ ತುದಿಗೆ ಚಿತ್ತಯ್ಯ ಕೂತು, ಅವಳು ಕೊಳವೆ, ಅವರು ವಾಲ್ವು ಹಿಡಿದು ಉಜ್ಜಿದರು. ನಾನು ಹೊಗೆ ತಣ್ಣಗೆ ಮಾಡುವ ಕೂಲರಿಗೆ ನೀರು ತುಂಬಿ ಎಲ್ಲಾದರೂ ಸೋರುತ್ತದೆಯೇ ಅಂತ ನೋಡುತ್ತಿದ್ದೆ. ಸೋರುತ್ತಿರಲಿಲ್ಲ. ಲಾರಿಯ ಆ ಬದಿಯಿಂದ ಅಕ್ಕ ನಗುವುದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಚಿತ್ತಯ್ಯನ ಮೂಗಿನ ಮೇಲೆ ಮಸಿ, ಅಕ್ಕನ ಗಲ್ಲದ ಮೇಲೆ ಮಸಿ. ಯಾಕೆ ನಕ್ಕಿದ್ದು ಅಂತ ಇಬ್ಬರೂ ಹೇಳಲಿಲ್ಲ.

ಮಾರನೆಯ ದಿನ ಭಾನುವಾರ. ಚಿತ್ತಯ್ಯ ಎಲ್ಲವನ್ನೂ ಮತ್ತೆ ಜೋಡಿಸಿ, ಸಂಜೆಯ ಹೊತ್ತಿಗೆ ಕೈತೊಳೆದು, "ನಾಳೆ ಲೋಡ್ ಮೇಲೇ ನೋಡ್ಬೇಕು" ಅಂದರು. ನಾನು ಮನೆಗೆ ಬಂದೆ. ದೀಪ ಹಚ್ಚುವ ಹೊತ್ತಾಯಿತು. ಹೋಟೆಲಿನ ಒಲೆಯ ಹೊಗೆ ಬಂತು, ಮನೆಯ ಒಲೆಯ ಹೊಗೆ ಬಂತು. ಎಲ್ಲ ಬಂದಾಯಿತು ಅಂತ ಅಕ್ಕ ಕಿಂಡಿಯ ಬಾಗಿಲು ಎಳೆಯುವಷ್ಟರಲ್ಲಿ ಇನ್ನೊಂದು ಹೊಗೆ ಬಂದು ಹೊರಗೆ ನಿಂತಿತು. ಪರಿಚಯದ್ದಲ್ಲ. ಒಳಗೆ ಬರಲೋ ಬೇಡವೋ ಅನ್ನುವ ಹಾಗೆ ನಿಂತಿತ್ತು. ಅಕ್ಕ ಮೂಗೆಳೆದು, "ಯಾರ ಮನೇದೋ ಇದು? ಅನ್ನ ಸೀದಿರೋ ವಾಸ್ನೆ" ಅಂದಳು.

ನಮ್ಮ ಊರಿನಲ್ಲಿ ಹೊಗೆ ಮನೆ ತಪ್ಪಿದ್ದನ್ನು ನಾನು ಕೇಳಿಲ್ಲ. ಇಬ್ಬರೂ ನೋಡುತ್ತ ನಿಂತಿದ್ದಾಗ ಬೀದಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಚಿತ್ತಯ್ಯ. ಟೋಪಿ ಕೈಯಲ್ಲಿತ್ತು.

"ಓಬ್ಳೇಶ, ನಮ್ದೇನಾದ್ರೂ ಈ ಕಡೆ ಬಂತಾ?"

ನಾನು ಅಕ್ಕನ ಕಡೆ ತಿರುಗಿದೆ. ಅಕ್ಕನೇ, "ಬಂದೈತೆ. ಅನ್ನ ಸೀಯಿಸಿದ್ದೀರ" ಅಂದಳು.

"ಹೂಂ, ಒಲೆ ಮೇಲಿಟ್ಟು ಏನೋ ಯೋಚ್ನೆ ಮಾಡ್ತಾ ಕೂತಿದ್ದೆ. ಹೊಗೆ ಎದ್ದಿದ್ದು ದಿನಾ ಹೋಗೋ ಕಡೆ ಹೋಗ್ದೆ ಈ ಬೀದಿಗೆ ತಿರುಗ್ತು. ಹಿಂದೇನೇ ಬಂದೆ. ನಾನೇನೂ ಕಳಿಸಿದ್ದಲ್ಲಮ್ಮ."

"ನೀವು ಕಳಿಸಿದ್ದು ಅಂತ ನಾನೆಲ್ಲಿ ಅಂದೆ."

"ಬೇಕಾದ್ರೆ ಕರ್ಕೊಂಡು ಹೋಗ್ತೀನಿ."

"ಹೊಗೇನ ಹೆಂಗೆ ಕರ್ಕೊಂಡು ಹೋಗ್ತೀರ?" ಅಂದಳು ಅಕ್ಕ. ಕಿಂಡಿಯ ಕಡೆ ನೋಡಿದಳು. ಆಮೇಲೆ ಅದರ ಬಾಗಿಲನ್ನು ಪೂರ್ತಿ ತೆರೆದಳು. ಆ ಹೊಗೆ ಒಳಗೆ ಬಂದು, ನಮ್ಮ ಹೊಗೆಯ ಪಕ್ಕ, ಒಂದು ಮೊಳ ಜಾಗ ಬಿಟ್ಟು ಮಲಗಿತು. "ರಾತ್ರಿ ಊಟಕ್ಕೇನು ಮಾಡ್ತೀರ ಈಗ? ಇಲ್ಲೇ ಉಂಡು ಹೋಗಿ" ಅಂದಳು.

ಬೆಳಿಗ್ಗೆ ಊರಿಗೆಲ್ಲ ಗೊತ್ತಾಗಿತ್ತು. ಹೋಟೆಲಿಗೆ ಹಾಲು ಹಾಕುವವಳು, "ಮಾರಕ್ಕ, ಸೀದನ್ನದ ಮಸಿ ಬೇರೆಯಾಗಿ ಗುಡಿಸಿದ್ಯಾ, ಇಲ್ಲಾ ಎಲ್ಲಾ ಒಟ್ಟಿಗೇನಾ?" ಅಂತ ಕೇಳಿದಳು. ಗುರುಶಾಂತಪ್ಪನವರ ಮಂಡಿಯಲ್ಲಿ ಯಾರೋ "ಈ ವಯಸ್ಸಲ್ಲಿ" ಅಂದರಂತೆ. ಗುರುಶಾಂತಪ್ಪನವರು, "ವಯಸ್ಸಾದ್ರೇನು, ಹೊಗೆಗೆ ದಾರಿ ಗೊತ್ತೈತೆ, ನಿಂಗೆ ಗೊತ್ತಿಲ್ಲ" ಅಂದು ಬಾಯಿ ಮುಚ್ಚಿಸಿದರಂತೆ. ಅಕ್ಕನ ಮುಖ ಮಾತ್ರ ಗಂಭೀರವಾಗಿತ್ತು. ನನ್ನೊಬ್ಬನನ್ನೇ ಕರೆದು ಮೆಲ್ಲಗೆ, "ನಾನೇನಾದ್ರೂ ಹೂಂ ಅಂದ್ಬಿಟ್ರೆ ನಿನ್ ಗತಿ ಏನೋ?" ಅಂದಳು.

"ನಂಗೇನಾಗೈತೆ? ನಾನು ಯಾವತ್ತೋ ದೊಡ್ಡೋನಾದೆ ಕಣಕ್ಕ. ನೀನೇ ನೋಡ್ಲಿಲ್ಲ" ಅಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ನನ್ನ ಹೊಟ್ಟೆಯನ್ನೂ ಬೊಕ್ಕತಲೆಯನ್ನೂ. ನಕ್ಕಳು. ಹೋಟೆಲಿನ ಬಾಗಿಲೆಳೆದು ಬೀಗ ಹಾಕಿದಳು. "ನಡಿ, ನಾನೂ ಬರ್ತೀನಿ ಬೆಟ್ಟಕ್ಕೆ. ನಾನು ಉಜ್ಜಿದ್ದು ಕೆಲ್ಸ ಮಾಡ್ತೈತೋ ಇಲ್ವೋ ನೋಡ್ಬೇಡ್ವಾ." ಆ ಹೋಟೆಲಿಗೆ ಹಗಲು ಹೊತ್ತಿನಲ್ಲಿ ಬೀಗ ಬಿದ್ದದ್ದು ಅದೇ ಮೊದಲು. ಅವಳು ಬೆಟ್ಟ ಹತ್ತುವುದೂ ಅದೇ ಮೊದಲು.

ಪೂರ್ತಿ ಲೋಡು. ಕ್ಯಾಬಿನ್ನಿನಲ್ಲಿ ಕಿಟಕಿಯ ಪಕ್ಕ ಅಕ್ಕ, ನಡುವೆ ಸ್ಪ್ಯಾನರ್ ಚೀಲ ತೊಡೆಯ ಮೇಲಿಟ್ಟುಕೊಂಡು ಚಿತ್ತಯ್ಯ. ನಮ್ಮ ಮುಂದೆ ರುದ್ರಮುನಿಯ ಲಾರಿ. ಬಯಲು ದಾರಿಯಲ್ಲಿ ಗಾಡಿ ಸಲೀಸಾಗಿ ಓಡಿತು. ಮೊದಲ ಏರಿನಲ್ಲಿ ನಾನು ಗೇರ್ ಇಳಿಸಲು ಕೈ ಹಾಕಿದೆ. ಚಿತ್ತಯ್ಯ, "ಬೇಡ, ಒತ್ತು" ಅಂದರು. ಒತ್ತಿದೆ. ಟರ್ಬೋ ಸಣ್ಣಗೆ ಸಿಳ್ಳೆ ಹಾಕಿತು. ಎಷ್ಟೋ ತಿಂಗಳಿಂದ ನಾನು ಕೇಳದೆ ಇದ್ದ ಸಿಳ್ಳೆ ಅದು. ಗಾಡಿ ಬೆನ್ನು ಕೊಟ್ಟು ಎಳೆಯಿತು.

ಅತ್ತೆ ತಿರುವು ಬಂತು. ಸ್ಟೇರಿಂಗ್ ತಿರುಗಿಸಿ ಎರಡನೇ ಗೇರಿಗೆ ಹಾಕಿ ಪೂರ್ತಿ ಒತ್ತಿದೆ. ಇಂಜಿನ್ನಿನ ದನಿ ಒಂದು ಕ್ಷಣ ಕೆಳಗಿಳಿಯಿತು. ಹಿಂದೆ ಸಾವಿರ ಚೀಲ ಎಳೆದಂತೆ ಆಯಿತು. "ಈಗ ವಾಲ್ವು ಮುಚ್ಕೊಂಡಿರುತ್ತೆ" ಅಂದರು ಚಿತ್ತಯ್ಯ, ತಮಗೆ ತಾವೇ. ದನಿ ಮತ್ತೆ ಏರಿತು, ಗಟ್ಟಿಯಾಗಿ, ತುಂಬು ಎದೆಯಿಂದ. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದಳು. "ಏನ್ ಕಾಣ್ತೈತಕ್ಕ?" ಅಂದೆ. "ಊರು ಕಾಣ್ತೈತೆ" ಅಂದಳು. ಹೊಗೆ ಅಡ್ಡ ಇದ್ದಿದ್ದರೆ ಊರು ಕಾಣುತ್ತಿರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಮೇಲೆ ಚಹದಂಗಡಿಯ ಮುಂದೆ ರುದ್ರಮುನಿ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಕೊನೆಗೂ ತಗಡು ಹಾಕಿದ್ಯಾ?" ಅಂದ. "ಇಲ್ಲ, ತೊಳೆದ್ವಿ" ಅಂದೆ. ಅವನು ಚಿತ್ತಯ್ಯನ ಕಡೆ ನೋಡಿ, ಅಕ್ಕನ ಕಡೆ ನೋಡಿ, ಲೋಟ ಕೆಳಗಿಟ್ಟು, "ತೊಳೆದ್ರೆ ಜಗಲಿಯಿಂದ ಒಳಕ್ಕೆ ಬಿಟ್ಕೋತಾರಾ?" ಅಂತ ಕೇಳಿದ. ಆಮೇಲೆ ಆ ವಾರದಲ್ಲೇ ಸಾಕಮ್ಮ ತಾನೇ ಮುಂದೆ ನಿಂತು ಅವನ ಗಾಡಿಯ ತಗಡು ಬಿಚ್ಚಿಸಿದಳು.

ಈರುಳ್ಳಿ ಇಳಿಸಿ ವಾಪಸ್ ಬರುತ್ತ ಬೆಟ್ಟದ ಮೇಲೆ ಚಿತ್ತಯ್ಯ, "ಇಲ್ಲೇ ನಮ್ಮನೆ, ನಮ್ಮವ್ವ ಇದ್ದಾಳೆ, ಒಂದ್ ಗಳಿಗೆ ಬಂದು ಹೋಗಿ" ಅಂದರು. ಆ ಊರಿನ ಬೀದಿಯಲ್ಲಿ ನಡೆಯುತ್ತ ಅಕ್ಕ ಮೇಲೆ ನೋಡುತ್ತಲೇ ಇದ್ದಳು. ಪ್ರತಿ ಹೆಂಚಿನ ಮೇಲಿಂದಲೂ ಹೊಗೆ ನೆಟ್ಟಗೆ ಎದ್ದು ಮೋಡಕ್ಕೆ ಸೇರಿ ಹೋಗುತ್ತಿತ್ತು. "ಇವ್ರ ಹೊಗೆ ಎಲ್ಲಿಗೆ ಹೋಗ್ತೈತೆ?" ಅಂತ ಕೇಳಿದಳು. "ಯಾರಿಗ್ಗೊತ್ತು" ಅಂದರು ಚಿತ್ತಯ್ಯ. "ಅಯ್ಯೋ ಪಾಪ" ಅಂದಳು ಅಕ್ಕ. ಒಂದು ಊರಿಗೆ ಊರೇ ಅನಾಥವಾದದ್ದನ್ನು ಕಂಡವಳಂತೆ ಅವಳ ಮುಖ ಚಿಕ್ಕದಾಗಿತ್ತು.

ಚಿತ್ತಯ್ಯನ ತಾಯಿ ಕೆಂಚಮ್ಮ, ಹಣ್ಣಾದ ಮುದುಕಿ, ಬಾಗಿಲಲ್ಲೇ ಕೂತಿದ್ದರು. ಲಾರಿಯವರ ಬಾಯಿಂದ ಸುದ್ದಿ ನಮಗಿಂತ ಮೊದಲೇ ಬೆಟ್ಟ ಹತ್ತಿತ್ತು. ಅಕ್ಕ ಕಾಲಿಗೆರಗಿದಾಗ ಅವರು ಅವಳ ಕೈ ಹಿಡಿದುಕೊಂಡು, ಆ ಒರಟು ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನನ್ ಮಗನ ಹೊಗೆ ನಿಮ್ಮನೆಗೆ ಬರ್ತೈತಂತೆ, ನಿಜವೇನಮ್ಮ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಚಿತ್ತಯ್ಯನ ಕಡೆಯೂ ನೋಡಲಿಲ್ಲ. "ಬರ್ತೈತೆ" ಅಂದಳು.

"ನಿಂಗೇನೂ ತೊಂದ್ರೆ ಇಲ್ಲ ತಾನೆ?"

"ಅನ್ನ ಸೀಯಿಸ್ದೆ ಇದ್ರೆ ಇಲ್ಲ."

ಮುದುಕಿ ಬೊಚ್ಚುಬಾಯಿ ಬಿಟ್ಟು ನಗತೊಡಗಿದರು. ಒಳಗಿದ್ದ ಹೆಂಗಸರೂ ನಕ್ಕರು. ಚಿತ್ತಯ್ಯ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕಂಬಕ್ಕೆ ಒರಗಿದರು. ಮದುವೆ ಅಲ್ಲಿಗೇ ನಿಶ್ಚಯವಾದಂತೆ ಆಯಿತು. ಮುಂದಿನ ತಿಂಗಳು ಅದು ಶಾಸ್ತ್ರೋಕ್ತವಾಗಿಯೇ ನಡೆಯಿತು, ನನ್ನ ಲಾರಿಯಲ್ಲೇ ದಿಬ್ಬಣ ಇಳಿಯಿತು.

ಆದರೆ ಆ ದಿನ ಇನ್ನೂ ಊಟವಾಗಿರಲಿಲ್ಲ. ಮನೆಯವರು ಹಜಾರದಲ್ಲಿ ಎಲೆ ಹಾಕಿ ನಮ್ಮನ್ನು ಕೂರಿಸಿದರು. ಅಕ್ಕ ಕೂತಳು. ಅನ್ನದ ಪಾತ್ರೆ ಬಂದಾಗ, "ಕೊಡಿ, ನಾನು ಬಡಿಸ್ತೀನಿ" ಅಂತ ಎದ್ದಳು. ಯಾರೋ ಭುಜ ಹಿಡಿದು ಕೂರಿಸಿದರು. ಸಾರು ಬಂದಾಗ ಮತ್ತೆ ಎದ್ದಳು. ಕೆಂಚಮ್ಮ ಬಾಗಿಲಿನಿಂದಲೇ, "ಕೂತ್ಕೋ ಮಗಾ. ಈ ಮನೇಲಿ ಬಡಿಸೋರಿಗೆ ಬರ ಇಲ್ಲ" ಅಂದರು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಬೇರೆಯವರು ಹಚ್ಚಿದ ಒಲೆಯಲ್ಲಿ ಬೆಂದದ್ದನ್ನು, ಕೂತು, ಬಿಸಿಯಾಗಿ, ಅವಳು ಉಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವಳು ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಅಡುಗೆ ಮಾಡಿದವರೆಲ್ಲ ಅವಳ ಮುಖ ನೋಡುತ್ತಿದ್ದರು, ಹೋಟೆಲಿನವಳು ಏನನ್ನುತ್ತಾಳೋ ಅಂತ. ಅವಳು ನಿಧಾನವಾಗಿ ಅಗಿದು ನುಂಗಿದಳು. ಎದುರು ಸಾಲಿನಲ್ಲಿ ಕೂತಿದ್ದ ಚಿತ್ತಯ್ಯನನ್ನು ನೋಡಿ, "ಸಾರು ಚೆನ್ನಾಗೈತೆ" ಅಂದಳು. ಆಮೇಲೆ ಎಲೆಯನ್ನು ಕೈಯಿಂದ ಒಂಚೂರು ಮುಂದಕ್ಕೆ ಸರಿಸಿ, ಇನ್ನೊಂದು ಸಲ ಹಾಕಿಸಿಕೊಂಡಳು.